ವಿಶ್ರಾಂತಿಯ ಪಾಲು

ವಿಶ್ರಾಂತಿಯೆಂಬುದು ದಿನಕ್ಕೆ ಸೇರಿದ್ದೋ, ದುಡಿಯುವ ಮನುಷ್ಯನಿಗೆ ಸೇರಿದ್ದೋ? ಧರ್ಮಜಿಜ್ಞಾಸೆಯ ಈ ಪ್ರಶ್ನೆ ಇಂದು ಇಂಗ್ಲೆಂಡಿನ ಆಸ್ಪತ್ರೆ ಕಾರ್ಖಾನೆಗಳ ಲೆಕ್ಕದ ಪುಸ್ತಕಗಳಲ್ಲಿಯೂ ಎದುರಾಗುತ್ತದೆ. ವಾರಕ್ಕಿಷ್ಟು ದಿನವೆಂಬ ಕಟ್ಟಿಲ್ಲದೆ, ವರ್ಷಕ್ಕಿಷ್ಟು ಗಂಟೆಯೆಂಬ ಕರಾರಿನ ಮೇಲೆ ದುಡಿಯುವವರಿಗೆ ಬ್ಯಾಂಕ್ ರಜೆಗಳೆಂದು ಕರೆಯಲಾಗುವ ಅಲ್ಲಿನ ಸಾರ್ವಜನಿಕ ರಜೆಗಳಲ್ಲಿ ಸಲ್ಲಬೇಕಾದ ಪಾಲೆಷ್ಟೆಂದು ನಿರ್ಣಯಿಸಹೊರಟವನು, ತಾನರಿಯದೆಯೇ ನ್ಯಾಯದ ಸ್ವರೂಪವನ್ನು ವಿಚಾರಿಸತೊಡಗುತ್ತಾನೆ.

ಒಂದು ಕಾಲದಲ್ಲಿ ಈ ಬಿಡುವು ನಿಸ್ಸಂಶಯವಾಗಿ ದಿನದ್ದೇ ಆಗಿತ್ತು. ಸಂತರ ಸ್ಮರಣೆಯ ದಿನಗಳೆಂಬ ಪಾವಿತ್ರ್ಯದಿಂದಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ವರ್ಷಕ್ಕೆ ಸುಮಾರು 33 ಬಾರಿ ಬಾಗಿಲು ಮುಚ್ಚುತ್ತಿತ್ತು. 1834ರಲ್ಲಿ ಆ ಸಂಖ್ಯೆ ನಾಲ್ಕಕ್ಕಿಳಿಯಿತು. ಬಳಿಕ 1871ರಲ್ಲಿ, ಬ್ಯಾಂಕ್ ಉದ್ಯಮಿಯೂ ವಿದ್ವಾಂಸನೂ ಆದ ಸರ್ ಜಾನ್ ಲಬಕ್ ಮುಂದೆ ನಿಂತು ಮಾಡಿಸಿದ ಶಾಸನವು, ಈಸ್ಟರಿನ ಮರುದಿನದ ಸೋಮವಾರವೇ ಮೊದಲಾದ ಹಬ್ಬದ ದಿನಗಳೊಡನೆ, ಯಾವ ಸಂತನ ಹೆಸರನ್ನೂ ಹೊರದ ಆಗಸ್ಟ್ ತಿಂಗಳ ಮೊದಲ ಸೋಮವಾರವನ್ನೂ ರಜೆಯೆಂದು ಸಾರಿದಾಗ, ಬಿಡುವಿನ ಆಧಾರವು ದೇವರ ದಿನದಿಂದ ಮನುಷ್ಯನ ದಣಿವಿನ ಕಡೆಗೆ ಸರಿಯಿತು.

ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ರಜೆಗಳು ಸಾಮಾನ್ಯವಾಗಿ ಎಂಟು. ಅವುಗಳಲ್ಲಿ ನಾಲ್ಕು ರೂಢಿಯಂತೆ ಸೋಮವಾರದಂದೇ ಬರುತ್ತವೆ. ದಿನಕ್ಕೆ ಏಳೂವರೆ ಗಂಟೆಯಂತೆ ಒಬ್ಬಳು ಸೋಮವಾರ ಮಂಗಳವಾರಗಳಲ್ಲಿ, ಮತ್ತೊಬ್ಬಳು ಬುಧವಾರ ಗುರುವಾರಗಳಲ್ಲಿ ದುಡಿಯುವರೆನ್ನೋಣ. ಹಕ್ಕು ದಿನದ್ದೆಂದರೆ ಮೊದಲನೆಯವಳಿಗೆ ನಾಲ್ಕು ರಜೆಗಳು ನಿಶ್ಚಿತ. ಎರಡನೆಯವಳಿಗೆ ಕೆಲವು ವರ್ಷ ಒಂದೂ ದೊರೆಯದು. ಹಕ್ಕು ಮನುಷ್ಯನದ್ದೆಂದರೆ ಲೆಕ್ಕವೇ ಬೇರೆ. ವಾರಕ್ಕೆ 37.5 ಗಂಟೆ ದುಡಿಯುವವನಿಗೆ ಎಂಟು ರಜೆಗಳು 60 ಗಂಟೆಗಳಾಗುತ್ತವೆ. 15 ಗಂಟೆ ದುಡಿಯುವ ಇವರಿಬ್ಬರಿಗೂ ಅದರ ಐದರಲ್ಲೆರಡು ಪಾಲು, ಅಂದರೆ 24 ಗಂಟೆ ಸಲ್ಲಬೇಕು. ಇವರ ವರ್ಷದ ಒಟ್ಟು 780 ಗಂಟೆ. ದುಡಿಮೆಯ ವೇಳೆಯನ್ನು ಕುರಿತ ಅಲ್ಲಿನ 1998ರ ನಿಯಮಾವಳಿಯಂತೆ ಇಂದು ದೊರೆಯುವ 5.6 ವಾರಗಳ ಕನಿಷ್ಠ ರಜೆ, ಆ 24 ಗಂಟೆಗಳೂ ಸೇರಿ, 84 ಗಂಟೆ, ದುಡಿಯಬೇಕಾದದ್ದು 696. ನಾಲ್ಕು ಸೋಮವಾರ ಕಚೇರಿ ಮುಚ್ಚಿದಾಗ ಮೊದಲನೆಯವಳ ಪಾಲಿನಿಂದ 30 ಗಂಟೆಗಳು ವ್ಯಯವಾಗಿ, ಹೆಚ್ಚಿನ ಆರು ಗಂಟೆಗಳನ್ನು ಆಕೆ ತನ್ನ ಉಳಿದ ರಜೆಯಿಂದ ತುಂಬಿಕೊಡಬೇಕಾಗುವುದು. ಇದು ಆಕೆಗೆ ಅನ್ಯಾಯವೆಂದು ತೋರಬಹುದು. ಆದರೆ ಆಕೆ ಕಳೆದುಕೊಂಡದ್ದು ಪಂಚಾಂಗದ ಕೃಪೆಯನ್ನೇ ಹೊರತು ಹಕ್ಕನ್ನಲ್ಲ.

ಪಾಲು ಯೋಗ್ಯತೆಯ ಅನುಪಾತದಲ್ಲಿರುವುದೇ ಹಂಚಿಕೆಯ ನ್ಯಾಯವೆಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಪ್ರತಿಪಾದಿಸಿದ್ದಾನೆ. ಮೇಲಿನ ಗಣಿತವು ಆ ತತ್ತ್ವದ ನೇರವಾದ ಅನ್ವಯ. ಆದರೆ ಅದೇ ಭಾಗದಲ್ಲಿ ಆತನು, ಸಾಮಾನ್ಯ ನಿಯಮವು ಮುಟ್ಟಲಾರದ ಎಡೆಗಳಲ್ಲಿ, ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವ ಲೆಸ್ಬಾಸ್ ಶಿಲ್ಪಿಗಳ ಸೀಸದ ಅಳತೆಪಟ್ಟಿಯಂತೆ, ಔಚಿತ್ಯಬುದ್ಧಿಯು ನಿಯಮವನ್ನು ತಿದ್ದಬೇಕೆಂದೂ ಹೇಳುತ್ತಾನೆ. ಇಲ್ಲಿ ಅಂಥ ಎಡೆಯೊಂದುಂಟು. ಕ್ರಿಸ್‌ಮಸ್ಸಿನಂದು ರೋಗಿಗಳ ಬಳಿ ಉಳಿದ ದಾದಿಗೆ ಫೆಬ್ರವರಿಯ ಒಂದು ಬುಧವಾರ ಅಷ್ಟೇ ಗಂಟೆಗಳನ್ನು ಮರಳಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆ ಬುಧವಾರ ಮಕ್ಕಳು ಶಾಲೆಯಲ್ಲಿರುತ್ತಾರೆ, ಬಂಧುಗಳು ತಂತಮ್ಮ ಕೆಲಸದಲ್ಲಿರುತ್ತಾರೆ. ಹಬ್ಬವೆಂಬುದು ಎಲ್ಲರೂ ಏಕಕಾಲದಲ್ಲಿ ಬಿಡುವಾಗಿರುವ ಸ್ಥಿತಿ. ಅದರ ಸಾರವೇ ಸಹಭಾಗ. ಅದನ್ನು ಗಂಟೆಗಳಾಗಿ ಒಡೆದೊಡನೆ ವಿಶ್ರಾಂತಿ ಉಳಿಯುತ್ತದೆ, ಸಹಭಾಗ ಉಳಿಯುವುದಿಲ್ಲ. ಬ್ಯಾಂಕ್ ರಜೆಯ ದಿನದಂದೇ ಬಿಡುವು ಕೇಳುವ ಹಕ್ಕನ್ನು ಅಲ್ಲಿನ ಕಾನೂನು ಕೊಟ್ಟಿಲ್ಲವಾದ್ದರಿಂದ, ಈ ನಷ್ಟವನ್ನು ತುಂಬುವ ಹೊಣೆ ಕೆಲಸ ಕೊಟ್ಟವರ ಧರ್ಮಬುದ್ಧಿಯದು.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಇಬ್ಬಗೆಯದು: ವಿಶ್ರಾಂತಿ ಮನುಷ್ಯನಿಗೆ ಸೇರಿದ್ದು, ಹಬ್ಬ ದಿನಕ್ಕೆ ಸೇರಿದ್ದು. ಗಂಟೆಗಳನ್ನು ಅನುಪಾತದಿಂದ ಹಂಚಬೇಕು. ಹಬ್ಬದ ದಿನಗಳನ್ನು ಸರದಿಯಿಂದ ಹಂಚಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ನಡೆಸಿದವನು ದುಡಿದವರ ಋಣದಲ್ಲಿ ಅರ್ಧವನ್ನಷ್ಟೇ ತೀರಿಸಿದ್ದಾನೆ.