ಹರಿಗೋಲಿನ ಅಳತೆ



ಹಂಪೆಯ ವಿರೂಪಾಕ್ಷ ದೇವಾಲಯದ ಮುಂದೆ ನಿಂತು ಹೊಳೆಯಾಚೆಗೆ ನೋಡಿದರೆ ತೋರುವ ಹಸುರು ನೆಲವೇ ಗಂಗಾವತಿ ಸೀಮೆಯ ವಿರೂಪಾಪುರಗಡ್ಡೆ. ತುಂಗಭದ್ರೆ ಬಳಸಿ ಹರಿಯುವ ಈ ನಡುಗಡ್ಡೆಯ ಬಳಿ ಹೊಳೆಯನ್ನು ಹರಿಗೋಲಿನಲ್ಲಿ ದಾಟುವುದು ಹಳೆಯ ವಾಡಿಕೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಒಂದರಲ್ಲಿ ಹದಿನೈದಿಪ್ಪತ್ತು ಮಂದಿ.

ಹರಿಗೋಲನ್ನು ನಡೆಸುವವನು ಹತ್ತುವವರ ಸಿರಿತನವನ್ನು ವಿಚಾರಿಸುವುದಿಲ್ಲ. ಇಷ್ಟು ಜನ, ಇಷ್ಟು ಮೂಟೆ ಎಂದು ಮೊದಲೇ ಅಳತೆ ಮಾಡಿಕೊಂಡಿರುತ್ತಾನೆ. ಸಾಹುಕಾರನಲ್ಲಿ ಮೂಟೆಗಳು ಹೆಚ್ಚಿದ್ದ ಮಾತ್ರಕ್ಕೆ ತೊಗಲು ಹೆಚ್ಚು ಭಾರ ತಾಳುವುದಿಲ್ಲ.

ಸರಳ ಜೀವನದ ವಿಚಾರ ಬಂದಾಗ ಭಕ್ತರು ನಮ್ಮನ್ನು ಎರಡು ಬಗೆಯಾಗಿ ಕೇಳುವುದುಂಟು. ಬಡವರು, “ನಮ್ಮದು ಹೇಗೂ ಸರಳವೇ, ನಮಗೇಕೆ ಈ ಉಪದೇಶ?” ಎನ್ನುತ್ತಾರೆ. ಉಳ್ಳವರು, “ದುಡಿದು ಗಳಿಸಿದ್ದೇವೆ, ಅಂತಸ್ತಿಗೆ ತಕ್ಕಂತೆ ಬಾಳಬೇಡವೆ?” ಎನ್ನುತ್ತಾರೆ. ಇಬ್ಬರೂ ಸರಳತೆಯನ್ನು ವರಮಾನದಿಂದಲೇ ಅಳೆಯುತ್ತಿರುವುದನ್ನು ಗಮನಿಸಿರಿ. ಶರಣರು ಅದನ್ನು ಅಳೆದ ಕೋಲು ಬೇರೆ.

ಕುಷ್ಟಗಿಯ ನೆರೆಯದೇ ಆದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಮನೆಯ ಊಟ, ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಆತ ಅನುಭಾವದ ಮಾತಿನಲ್ಲಿ ಕಾಯಕದ ಹೊತ್ತನ್ನೇ ಮರೆತ. ಲಕ್ಕಮ್ಮ ಎಚ್ಚರಿಸಿದಳು. ಅವಸರದಿಂದ ಹೋದವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆಕೆ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೇಕೆ ತಂದೆ, ನಮ್ಮ ನಿತ್ಯದ ಪಡಿಯನ್ನುಳಿದು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದಳು.

ನಾವು ಈ ಪ್ರಸಂಗವನ್ನು ಕೇಳಿ ತಲೆದೂಗಿ ಮನೆಗೆ ಹೋಗುತ್ತೇವೆ. ತುಸು ನಿಂತು ಯೋಚಿಸಬೇಕು. ಆ ಅಕ್ಕಿ ಕದ್ದುದಲ್ಲ. ಬೇಡಿ ತಂದುದೂ ಅಲ್ಲ. ಮನೆಯಲ್ಲಿ ಕಣಜವೂ ಇರಲಿಲ್ಲ. ನಾಳೆಗಿರಲಿ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಲಕ್ಕಮ್ಮನಿಗೆ ಅದು ಹೊರೆಯಾಗಿ ಕಂಡಿತು. ಏಕೆಂದರೆ ಅಕ್ಕಿ ಬರುವುದಕ್ಕೆ ಮೊದಲೇ ಆಕೆಯ ಅಳತೆ ಸಿದ್ಧವಾಗಿತ್ತು. ನಮ್ಮಲ್ಲಿಯಾದರೋ ಅಕ್ಕಿ ಮೊದಲು ಬರುತ್ತದೆ, ಅಳತೆ ಅದರ ಹಿಂದೆ ಓಡುತ್ತದೆ. ಬಡತನವು ಹೊರಗಿನಿಂದ ಬಂದ ಕೊರತೆ. ಲಕ್ಕಮ್ಮನದು ಒಳಗಿನಿಂದ ಮಾಡಿದ ಆಯ್ಕೆ. ಉಣ್ಣಲು ಸಾಲದವನಿಗೆ ಸರಳತೆಯನ್ನು ಬೋಧಿಸುವುದು ಧರ್ಮವಲ್ಲ, ಅವನಿಗೆ ಅನ್ನ ನೀಡುವುದು ಧರ್ಮ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು.

ಅದೇ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿ. ಮೋಳಿಗೆಯ ಮಾರಯ್ಯನಾದರೋ ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಸೌದೆ ಮಾರುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಮೂವರ ವರಮಾನ ಮೂರು ತೆರ. ತಮಗೆಂದು ಉಳಿಸಿಕೊಂಡ ಪಡಿಯಲ್ಲಿ ಮಾತ್ರ ಅಂಥ ಅಂತರವಿರಲಿಲ್ಲ.

ಮತ್ತೆ ಗಡ್ಡೆಗೆ ಬರೋಣ. ಭತ್ತದ ಗದ್ದೆಗಳ ನಡುವೆ ಅಲ್ಲಿ ಪ್ರವಾಸಿಗರಿಗಾಗಿ ವಸತಿಗೃಹಗಳು ಎದ್ದವು, ದೂರದೇಶದವರು ಬಂದರು, ಕೈಗೆ ಹೊಸ ಹಣ ಬಂದಿತು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಕೊಂಡಾಗ ಅವರನ್ನು ದೋಣಿ, ಹೆಲಿಕಾಪ್ಟರುಗಳಿಂದ ಪಾರುಮಾಡಬೇಕಾಯಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಟ್ಟಡಗಳು ಅಕ್ರಮವೆಂಬ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಅವು ನೆಲಸಮವಾದವು. ಜೀವನೋಪಾಯ ಕಳೆದುಕೊಂಡವರನ್ನು ಹಂಗಿಸಲು ಇದನ್ನು ಎತ್ತುತ್ತಿಲ್ಲ. ಅವರ ನೋವು ನಮ್ಮದೂ ಹೌದು. ವರಮಾನ ಒಂದೇ ದಿನದಲ್ಲಿ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ? ವರಮಾನದೊಡನೆ ಏರಿದ ಬಯಕೆ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಉಳಿದ ಆ ಎತ್ತರವನ್ನು ತುಂಬಲು ಸಾಲ ಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಆ ಸಾಲ ಬರುವ ಹೆಬ್ಬಾಗಿಲು ಮದುವೆ. ಐದೆಕರೆಯವನು ಇಪ್ಪತ್ತೆಕರೆಯವನ ಚಪ್ಪರ ನೋಡಿ ಚಪ್ಪರ ಹಾಕುತ್ತಾನೆ. ಇಪ್ಪತ್ತೆಕರೆಯವನು ಗುತ್ತಿಗೆದಾರನದನ್ನು ನೋಡಿ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸುವವರು ನಾವು. ದೇವರಿಗೆ ಅಂಗೈಯಷ್ಟು ಸ್ಥಳ ಸಾಕಾದ ಧರ್ಮದಲ್ಲಿ ಹುಟ್ಟಿ, ಒಂದು ದಿನದ ಊಟಕ್ಕೆ ಹತ್ತು ವರ್ಷದ ಬಡ್ಡಿ ಕಟ್ಟುತ್ತೇವೆ. ಮಠಗಳೂ ಈ ಮಾತಿಗೆ ಹೊರತಲ್ಲ. ಉತ್ಸವದ ವೈಭವಕ್ಕೆ ಭಕ್ತರ ಸಾಲದ ಹಣ ಸೇರಿದ್ದರೆ ಆ ದಾಸೋಹದ ಎಲೆಯಲ್ಲಿ ನಮ್ಮ ಪಾಲೂ ಇದೆ.

ತುಂಗಭದ್ರೆಯ ನೀರುಂಡ ಗಂಗಾವತಿಯ ಭತ್ತ ಮತ್ತೆ ಕಣಕ್ಕೆ ಬರುತ್ತದೆ. ಅದನ್ನು ತೂಕಕ್ಕೆ ಹಾಕುವ ಮುನ್ನಾದಿನ ಸಂಜೆ, ಬೆಲೆ ಎಷ್ಟೆಂದು ತಿಳಿಯುವುದಕ್ಕೆ ಮೊದಲು, ಗಂಡಹೆಂಡಿರು ಕೂಡಿ ಕುಳಿತು ವರ್ಷದ ಪಡಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಊಟ, ಬಟ್ಟೆ, ಮಕ್ಕಳ ವಿದ್ಯೆ, ಔಷಧಿ, ಬಿತ್ತನೆ, ಮಳೆ ಕೈಕೊಟ್ಟ ವರ್ಷಕ್ಕೊಂದಿಷ್ಟು. ಸಂಬಳದವರು ತಿಂಗಳ ಕೊನೆಯ ದಿನ ಹೀಗೆಯೇ ಕೂಡಬಹುದು. ಮರುದಿನ ಬೆಲೆ ಏರಿದ್ದರೂ ಹಾಳೆಯನ್ನು ತಿದ್ದಬೇಡಿರಿ. ಮಿಕ್ಕದ್ದು ಮೊದಲು ಸಾಲಕ್ಕೆ, ಬಳಿಕ ದಾಸೋಹಕ್ಕೆ ಸಲ್ಲಲಿ. ಬರೆಯುವಾಗ ಲೇಖನಿ ಮನೆಯೊಡತಿಯ ಕೈಯಲ್ಲಿರಲಿ. ಮಾರಯ್ಯನ ಮನೆಯಲ್ಲಿ ಅಳತೆ ಹೇಳಿದವಳು ಲಕ್ಕಮ್ಮ.