ಯೂನಿಫಾರ್ಮಿನ ನಾಯಕ: ವುಲ್ಫ್ ಜೊತೆಗೊಂದು ಜಗಳ

ಪ್ರೇಮಕಥೆಗಳಲ್ಲಿ ಮಿಲಿಟರಿ ನಾಯಕನನ್ನು ಮೆಚ್ಚುವ ಹೆಂಗಸರು ಬಲಕ್ಕೆ ಮರುಳಾದವರು, ಅವರ ಈ ಮರುಳಿನಿಂದಲೇ ಯುದ್ಧಕ್ಕೆ ಮೆರುಗು ಬರುತ್ತದೆ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಬಹಳ ಸಲ ಕೇಳಿದ್ದೇನೆ. ಹೇಳುವವರು ಓದಿಕೊಂಡವರು, ಯುದ್ಧವನ್ನು ನಿಜವಾಗಿಯೂ ದ್ವೇಷಿಸುವವರು. ನನಗೆ ಸಿಟ್ಟು ಬರುವುದು ಅದಕ್ಕೇ. ಬಂದೂಕು ಮಾಡುವವರು, ಮಾರುವವರು, ಗಡಿಗೆ ಹುಡುಗರನ್ನು ಕಳಿಸುವವರು ಇವರೆಲ್ಲರನ್ನೂ ದಾಟಿ ಬಂದು, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಬಾಡಿಗೆ ಲೈಬ್ರರಿಯ ಕಾದಂಬರಿ ಹಿಡಿದು ಕೂತ ಹೆಂಗಸಿನ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸುತ್ತಾರೆ. ಅವಳು ಆ ಪುಟಗಳಲ್ಲಿ ಏನು ಹುಡುಕುತ್ತಿದ್ದಾಳೆಂದು ಒಬ್ಬರೂ ಕೇಳುವುದಿಲ್ಲ.

ಈ ಆಕರ್ಷಣೆಗೆ ಸಿದ್ಧ ವಿವರಣೆಗಳು ಬೇಕಾದಷ್ಟಿವೆ. ಗುಹೆಯ ಕಾಲದಿಂದಲೂ ಹೆಣ್ಣು ತನ್ನನ್ನು ಕಾಯಬಲ್ಲ ಗಟ್ಟಿ ಗಂಡನ್ನೇ ಆರಿಸಿಕೊಂಡಳು ಎನ್ನುವುದು ವಿಕಾಸವಾದಿಗಳ ಕತೆ. ವೀರವೂ ಶೃಂಗಾರವೂ ಒಬ್ಬ ಧೀರೋದಾತ್ತನಲ್ಲಿ ಕೂಡಿದರೆ ಸೊಗಸು ಎನ್ನುವುದು ನಮ್ಮ ಅಲಂಕಾರಶಾಸ್ತ್ರ. ಎರಡಕ್ಕೂ ಓದುಗಿಯ ವಿಷಯದಲ್ಲಿ ಕುತೂಹಲವಿಲ್ಲ, ಹಾಗಾಗಿ ಅವುಗಳ ಬಗ್ಗೆ ನನಗೂ ಇಲ್ಲ. ವಾದಕ್ಕೆ ನಿಲ್ಲಬೇಕಾದ್ದು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಎದುರಿಗೆ. ಸಂಕಿರಣದವರ ಮಾತಿನ ಬೇರು ಇರುವುದು ಅಲ್ಲಿ, ಅದೂ ಅವರಿಗಿಂತ ಎಷ್ಟೋ ಪಾಲು ಗಟ್ಟಿಯಾದ ರೂಪದಲ್ಲಿ.

ವುಲ್ಫ್ ‘ತ್ರೀ ಗಿನೀಸ್’ ಪ್ರಕಟಿಸಿದ್ದು 1938ರಲ್ಲಿ. ಅದರ ಹಿಂದಿನ ವರ್ಷ ಆಕೆಯ ಅಕ್ಕನ ಮಗ ಜೂಲಿಯನ್ ಬೆಲ್ ಸ್ಪೇನಿನ ಅಂತರ್ಯುದ್ಧದಲ್ಲಿ ಆಂಬುಲೆನ್ಸ್ ಓಡಿಸಲು ಹೋಗಿ ತೀರಿಕೊಂಡಿದ್ದ. ಯುದ್ಧವನ್ನು ತಡೆಯುವುದು ಹೇಗೆಂದು ಪತ್ರ ಬರೆದು ಕೇಳಿದ ಸಂಭಾವಿತನೊಬ್ಬನಿಗೆ ಉತ್ತರವೆಂಬಂತೆ ಇಡೀ ಪುಸ್ತಕವಿದೆ. ನಡುವೆ ಐದು ಫೋಟೋಗಳು: ಸೇನಾಧಿಕಾರಿ, ರಾಜಘೋಷಕರು, ವಿಶ್ವವಿದ್ಯಾಲಯದ ಮೆರವಣಿಗೆ, ನ್ಯಾಯಾಧೀಶ, ಆರ್ಚ್‌ಬಿಷಪ್. ಎಲ್ಲರೂ ಗಂಡಸರು, ಎಲ್ಲರೂ ಜರಿ, ಪಟ್ಟಿ, ಪದಕ, ನಿಲುವಂಗಿಗಳಲ್ಲಿ. ಆಕೆಯ ವಾದ ಹೀಗೆ ಸಾಗುತ್ತದೆ: ಗಂಡಸರ ಅತ್ಯಂತ ಶೋಭೆಯ ಬಟ್ಟೆ ಸೈನಿಕನ ಬಟ್ಟೆ. ಆದರೆ ನಿಜವಾದ ಯುದ್ಧದಲ್ಲಿ ಆ ಕೆಂಪನ್ನೂ ಚಿನ್ನದ ಬಣ್ಣವನ್ನೂ ಯಾರೂ ತೊಡುವುದಿಲ್ಲ. ಹಾಗಾದರೆ ಅದಿರುವುದು ನೋಡುವವರನ್ನು ಬೆರಗುಗೊಳಿಸಲಿಕ್ಕೆ, ಹುಡುಗರ ಜಂಬವನ್ನು ಕೆರಳಿಸಿ ಸೈನ್ಯಕ್ಕೆ ಎಳೆಯಲಿಕ್ಕೆ. ಆದ್ದರಿಂದ ಹೆಂಗಸರು ಮೆಚ್ಚುವುದನ್ನು ನಿಲ್ಲಿಸಬೇಕು, ಹೊರಗೆ ನಿಂತು ಉದಾಸೀನವಾಗಿ ನೋಡಬೇಕು.

ಇದು ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ. ಆದರೆ ಅದೇ ಪುಸ್ತಕದಲ್ಲಿ ವುಲ್ಫ್ ಇನ್ನೊಂದು ಮಾತು ಹೇಳುತ್ತಾಳೆ. 1914ರ ಆಗಸ್ಟಿನಲ್ಲಿ ಓದಿದ ಮನೆತನದ ಹೆಣ್ಣುಮಕ್ಕಳು ಆಸ್ಪತ್ರೆಗಳಿಗೆ, ಲಾರಿಗಳಿಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಮುಗಿಬಿದ್ದದ್ದು ಯಾಕೆ? ಮನೆ ಅವರನ್ನು ಅಷ್ಟು ಉಸಿರುಗಟ್ಟಿಸಿತ್ತು. ಅದರ ಸಣ್ಣತನದಿಂದ, ಅದರ ಹುಸಿಯಿಂದ ಪಾರಾಗಲು ಅವರು ಎಂಥ ಕೆಲಸಕ್ಕೂ ತಯಾರಿದ್ದರು. ತಮಗೇ ಅರಿವಿಲ್ಲದೆ ಅವರಿಗೆ ಯುದ್ಧ ಬೇಕಾಗಿತ್ತು.

ಈ ಪುಟವನ್ನು ಓದಿದಾಗಲೆಲ್ಲ ನನಗನ್ನಿಸುತ್ತದೆ: ಫೋಟೋಗಳ ಪುಟದಲ್ಲಿ ಕೈತಪ್ಪಿದ್ದು ಇಲ್ಲಿ ಆಕೆಗೆ ಸಿಕ್ಕಿದೆ. ಯೂನಿಫಾರ್ಮಿನ ಕಡೆ ನೋಡುವ ಹೆಣ್ಣಿನ ಕಣ್ಣು ಗುಂಡಿಗಳ ಮೇಲಾಗಲಿ ಭುಜದ ಪಟ್ಟಿಯ ಮೇಲಾಗಲಿ ನಿಂತಿರುವುದಿಲ್ಲ. ಆ ಗಂಡಸಿನ ಬೆನ್ನ ಹಿಂದೆ ತೆರೆದಿರುವ ಬಾಗಿಲನ್ನು ಅವಳು ನೋಡುತ್ತಿರುತ್ತಾಳೆ.

ನನ್ನ ಚಿಕ್ಕಮ್ಮನನ್ನು ಸೋಮವಾರಪೇಟೆ ಕಡೆಯ ಹಳ್ಳಿಯಿಂದ ಸೈನ್ಯದಲ್ಲಿದ್ದವರಿಗೆ ಕೊಟ್ಟಿದ್ದರು. ಆ ಊರಿನಲ್ಲಿ ಮದುವೆಯೆಂದರೆ ಒಂದು ತೋಟದ ಮನೆಯಿಂದ ಇನ್ನೊಂದು ತೋಟದ ಮನೆಗೆ ಹೋಗುವುದು, ಒಂದು ಒಲೆ ಬಿಟ್ಟು ಇನ್ನೊಂದು ಒಲೆ ಊದುವುದು. ಚಿಕ್ಕಮ್ಮ ಮಾತ್ರ ಜಬಲ್‌ಪುರಕ್ಕೆ ಹೋದಳು. ಫ್ಯಾಮಿಲಿ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಪಂಜಾಬಿನವಳ ಪಕ್ಕ, ಗಢವಾಲದವಳ ಎದುರು ಸಂಸಾರ ಹೂಡಿದಳು. ಹಿಂದಿ ಕಲಿತಳು, ಸೈಕಲ್ ಕಲಿತಳು, ಬ್ಯಾಂಕಿನಲ್ಲಿ ತನ್ನ ಹೆಸರಿನ ಖಾತೆ ತೆರೆದಳು, ರೈಲ್ವೆ ವಾರಂಟು ಹಿಡಿದು ಎರಡು ಮಕ್ಕಳ ಜೊತೆ ಒಬ್ಬಳೇ ಅರ್ಧ ದೇಶ ದಾಟಿ ಬಂದಳು. ಚಿಕ್ಕಪ್ಪನಿಗೆ ಫೀಲ್ಡ್ ಪೋಸ್ಟಿಂಗ್ ಆದಾಗ ಮಾತ್ರ ಊರಿಗೆ ಮರಳುತ್ತಿದ್ದಳು. ಆಗ ಅವಳು ಓದುತ್ತಿದ್ದದ್ದು ಕಾದಂಬರಿ. ಅದರಲ್ಲಿ ಯೋಧನೋ ಪೈಲಟ್ಟೋ ಇದ್ದರೆ ಒಂದು ಹಂತದಲ್ಲಿ ನನ್ನನ್ನು ಕರೆದು ಗಟ್ಟಿಯಾಗಿ ಓದಿ ಹೇಳುವಳು. ಅವನು ಅವಳ ಕೈ ಹಿಡಿಯುವ ಪುಟವನ್ನಲ್ಲ. ಟ್ರಾನ್ಸ್‌ಫರ್ ಆರ್ಡರ್ ಬಂದು, ಬಿಳಿ ಬಣ್ಣದಲ್ಲಿ ಹೆಸರು ನಂಬರು ಬರೆದ ಕರಿ ಟ್ರಂಕಿಗೆ ನಾಯಕಿ ಸಾಮಾನು ತುಂಬುವ ಪುಟವನ್ನು. “ನೋಡು, ಈಗ ಇವಳೂ ಹೊರಟ್ಲು,” ಎನ್ನುವಳು. ಅವಳ ದನಿಯಲ್ಲಿದ್ದ ಹಿಗ್ಗನ್ನು ಅಧಿಕಾರದ ಆರಾಧನೆ ಎಂದು ಯಾರಾದರೂ ಕರೆದರೆ ನಾನು ಒಪ್ಪಲಾರೆ.

ಜೇನ್ ಆಸ್ಟೆನ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆಕೆಯ ಅಣ್ಣ ಹೆನ್ರಿ ಮಿಲಿಷಿಯಾದಲ್ಲಿದ್ದ. ಫ್ರಾನ್ಸಿಸ್ ಮತ್ತು ಚಾರ್ಲ್ಸ್ ನೌಕಾಪಡೆಯಲ್ಲಿದ್ದರು. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಕೆಂಪು ಕೋಟಿಗೆ ಮರುಳಾದ ಲಿಡಿಯಾ ಇದ್ದಾಳೆ. ಇಪ್ಪತ್ತೈದು ವರ್ಷದ ಹಿಂದೆ ಒಂದು ರೆಜಿಮೆಂಟು ಊರು ಬಿಟ್ಟು ಹೋದಾಗ ಎರಡು ದಿನ ಅತ್ತಿದ್ದನ್ನು ನೆನೆಯುವ ಅವಳ ತಾಯಿಯೂ ಇದ್ದಾಳೆ. ಕೋಟಿನೊಳಗಿನ ಅಧಿಕಾರಿ ವಿಕಮ್ ಟೊಳ್ಳು. ಅಷ್ಟಕ್ಕೇ ನಿಂತಿದ್ದರೆ ಆಸ್ಟೆನ್ ವುಲ್ಫ್ ಪಕ್ಷದವಳು. ಆದರೆ ಆಕೆಯ ಕೊನೆಯ ಪೂರ್ಣ ಕಾದಂಬರಿ ‘ಪರ್ಸುಯೇಶನ್’ ನೌಕಾಧಿಕಾರಿಗಳ ಕತೆ, ಮತ್ತು ಅಲ್ಲಿ ಉಡುಪಿನ ಮಾತೇ ಇಲ್ಲವೆನ್ನುವಷ್ಟು ಕಡಿಮೆ. ಗಾಯದಿಂದ ಕುಂಟುವ ಕ್ಯಾಪ್ಟನ್ ಹಾರ್ವಿಲ್ ಲೈಮ್ ಊರಿನ ಪುಟ್ಟ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಆಟಿಕೆ ಮಾಡುತ್ತಾನೆ, ಕಪಾಟು ಜೋಡಿಸುತ್ತಾನೆ, ಬೇರೇನೂ ಕೆಲಸವಿಲ್ಲದಾಗ ಮೂಲೆಯಲ್ಲಿ ಕೂತು ಮೀನಿನ ಬಲೆ ಹೆಣೆಯುತ್ತಾನೆ. ಅಡ್ಮಿರಲ್ ಕ್ರಾಫ್ಟ್‌ನ ಹೆಂಡತಿ ಅಟ್ಲಾಂಟಿಕ್ ಸಾಗರವನ್ನು ನಾಲ್ಕು ಸಲ ದಾಟಿದವಳು, ಈಸ್ಟ್ ಇಂಡೀಸಿಗೂ ಹೋಗಿ ಬಂದವಳು. ಜೀವನದಲ್ಲಿ ಆಕೆ ನಿಜವಾಗಿ ಕಾಹಿಲೆ ಬಿದ್ದದ್ದು ಗಂಡ ಉತ್ತರದ ಸಮುದ್ರದಲ್ಲಿದ್ದು ತಾನೊಬ್ಬಳೇ ದಡದಲ್ಲಿ ಉಳಿದ ಚಳಿಗಾಲದಲ್ಲಿ ಮಾತ್ರ. ತಂದೆಯ ಮನೆಯಲ್ಲಿ ಬಾಡುತ್ತಿರುವ ಆನ್ ಎಲಿಯಟ್ ಕ್ಯಾಪ್ಟನ್ ವೆಂಟ್‌ವರ್ತ್‌ನನ್ನು ನೋಡುವಾಗ ಅವಳ ಕಣ್ಣೆದುರು ಈ ಹೆಂಗಸಿದ್ದಾಳೆ. ಕೊಡಗಿನ ಹಳ್ಳಿಯಿಂದ ಜಬಲ್‌ಪುರಕ್ಕೆ ಹೋದ ನನ್ನ ಚಿಕ್ಕಮ್ಮ ಈಕೆಯನ್ನು ಕಂಡಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದಳು.

ಇಲ್ಲಿಗೆ ವಾದ ಮುಗಿಸಿ ಗೆದ್ದೆ ಎನ್ನಬಹುದಿತ್ತು. ಆದರೆ ಬಾಗಿಲು ತೆರೆದಿದೆ ಎಂದಷ್ಟೇ ಹೇಳಿ ಅದು ಎಲ್ಲಿಗೆ ತೆರೆಯುತ್ತದೆಂದು ಹೇಳದಿರುವುದು ಪ್ರಾಮಾಣಿಕತೆಯಲ್ಲ. ವೆಂಟ್‌ವರ್ತ್ ಎಂಟು ವರ್ಷದ ಹಿಂದೆ ಆನ್‌ಳಿಂದ ತಿರಸ್ಕೃತನಾಗಿದ್ದು ಬಡತನಕ್ಕೆ. ಮರಳಿ ಬರುವಾಗ ಅವನ ಬಳಿ 25,000 ಪೌಂಡ್ ಇದೆ. ಅದು ಶತ್ರುಗಳ ಹಡಗು ಹಿಡಿದು ಹಂಚಿಕೊಂಡ ಹಣ. ಕ್ರಾಫ್ಟ್ ದಂಪತಿ ಹೋಗಿ ಬಂದ ಈಸ್ಟ್ ಇಂಡೀಸ್ ಎಂದರೆ ನಮ್ಮ ಕಡಲು, ನಮ್ಮ ದಡ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಮೊದಲ ಕರಡನ್ನು ಆಸ್ಟೆನ್ ಬರೆದದ್ದು 1796-97ರಲ್ಲಿ. ಎರಡೇ ವರ್ಷದಲ್ಲಿ, 1799ರ ಮೇ 4ರಂದು, ಕೆಂಪು ಕೋಟುಗಳು ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದು ನುಗ್ಗಿದವು. ಅಲ್ಲಿ ಆ ಬಣ್ಣ ಕಂಡ ಹೆಂಗಸರಿಗೆ ಅದು ಯಾವ ಬಾಗಿಲನ್ನು ತೆರೆಯಿತು? ಬಿರುಕಿನಿಂದ ಒಳಬಂದ ಸೈನ್ಯ ರಾತ್ರಿಯಿಡೀ ಊರನ್ನು ಲೂಟಿ ಮಾಡಿತು.

ಇನ್ನೂರು ವರ್ಷದ ಹಿಂದಿನದೆಂದು ಇದನ್ನು ಮರೆಯಬಹುದು. ಮಣಿಪುರದ ಇಂಫಾಲವನ್ನು ಮರೆಯುವುದು ಕಷ್ಟ. 2004ರ ಜುಲೈಯಲ್ಲಿ ಅಸ್ಸಾಂ ರೈಫಲ್ಸ್ ಹಿಡಿದೊಯ್ದ ತಂಗ್‌ಜಮ್ ಮನೋರಮಾ ಹೆಣವಾಗಿ ಸಿಕ್ಕಿದಳು. ಆ ತಿಂಗಳ 15ರಂದು ಹನ್ನೆರಡು ಮಂದಿ ತಾಯಂದಿರು ಅದೇ ಪಡೆಯ ನೆಲೆಯಾಗಿದ್ದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬಟ್ಟೆ ಕಳಚಿ ನಿಂತರು. ಯೂನಿಫಾರ್ಮಿನ ಎದುರು ಮೈಮೇಲೆ ಏನೂ ಇಲ್ಲದೆ ನಿಲ್ಲುವುದು ವುಲ್ಫ್ ಕೇಳಿದ ಉದಾಸೀನಕ್ಕಿಂತ ಎಷ್ಟೋ ಆಚೆಗಿನದು. ಚಿಕ್ಕಪ್ಪ ಅದಕ್ಕೂ ಬಹಳ ಹಿಂದೆ ಈಶಾನ್ಯದಲ್ಲಿ ಕೆಲವು ವರ್ಷ ಇದ್ದರು. ಆ ದಿನಗಳ ಅವರ ಇನ್‌ಲ್ಯಾಂಡ್ ಪತ್ರಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ. ಯೂನಿಟ್ಟಿನ ಹೆಸರು, ಕೆಳಗೆ ಸೈನ್ಯದ ಅಂಚೆ ವಿಳಾಸವಾದ 99 ಎಪಿಓ. ಎಲ್ಲಿದ್ದಾರೆಂದು ಚಿಕ್ಕಮ್ಮನಿಗೆ ತಿಳಿಯುತ್ತಿರಲಿಲ್ಲ. ರಜೆಗೆ ಬಂದಾಗ ಅಲ್ಲಿನ ಮಳೆಯ ಬಗ್ಗೆ, ಬಿದಿರ ಮನೆಗಳ ಬಗ್ಗೆ ಹೇಳುತ್ತಿದ್ದರು. ಹಾಸಿಗೆಯನ್ನು ತಾವೇ ಮಡಿಸಿ, ತಟ್ಟೆಯನ್ನು ತಾವೇ ತೊಳೆದು, ನಮ್ಮೂರಿನ ಬೇರೆ ಗಂಡಸರು ಮಾಡದ ಕೆಲಸವನ್ನೆಲ್ಲ ಮಾಡುವ ಮೃದು ಮನುಷ್ಯ. ಅಲ್ಲಿ ಅವರ ಕೆಲಸ ಏನಿತ್ತು, ಯಾರ ಮನೆಯ ಬಾಗಿಲು ತಟ್ಟಿದರು, ನಾವು ಕೇಳಲಿಲ್ಲ. ಕೇಳದಿರುವುದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು.

ಮೆಚ್ಚುಗೆಗೂ ಯುದ್ಧಕ್ಕೂ ನಂಟಿದೆ ಎನ್ನುವುದಕ್ಕೂ ವುಲ್ಫ್‌ಗೆ ಸಾಕ್ಷ್ಯ ಕಡಿಮೆಯಿಲ್ಲ. 1914ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದಲ್ಲಿ ಅಡ್ಮಿರಲ್ ಪೆನ್ರೋಸ್ ಫಿಟ್ಸ್‌ಜೆರಾಲ್ಡ್ ಮೂವತ್ತು ಹೆಂಗಸರನ್ನು ಸೇರಿಸಿ, ಯೂನಿಫಾರ್ಮಿಲ್ಲದ ಹುಡುಗರಿಗೆ ಹೇಡಿತನದ ಗುರುತಾಗಿ ಬಿಳಿ ಗರಿ ಕೊಡಿಸಿದ. ಹೆಣ್ಣಿನ ನೋಟ ಸೈನ್ಯ ಭರ್ತಿಯ ಯಂತ್ರವಾಗಬಲ್ಲದೆಂದು ಆತನಿಗೆ ಗೊತ್ತಿತ್ತು. 2016ರಲ್ಲಿ ಏಷ್ಯಾದಾದ್ಯಂತ ಹೆಂಗಸರು ಕಣ್ಣು ಮಿಟುಕಿಸದೆ ನೋಡಿದ ಕೊರಿಯಾದ ಧಾರಾವಾಹಿ ‘ಡಿಸೆಂಡೆಂಟ್ಸ್ ಆಫ್ ದ ಸನ್’ನಲ್ಲಿ ನಾಯಕ ವಿಶೇಷ ಪಡೆಯ ಕ್ಯಾಪ್ಟನ್, ನಾಯಕಿ ಶಸ್ತ್ರಚಿಕಿತ್ಸಕಿ. ಎರಡು ವರ್ಷದ ಹಿಂದಷ್ಟೇ ದಂಗೆಯ ಮೂಲಕ ಅಧಿಕಾರ ಹಿಡಿದಿದ್ದ ಥಾಯ್ಲೆಂಡಿನ ಆಗಿನ ಪ್ರಧಾನಿ, ಜನರಲ್ ಪ್ರಯುತ್ ಚಾನ್-ಒ-ಚಾ, ಅದರಲ್ಲಿನ ದೇಶಭಕ್ತಿ, ತ್ಯಾಗ, ಆಜ್ಞಾಪಾಲನೆಯನ್ನು ಬಹಿರಂಗವಾಗಿ ಹೊಗಳಿ ಜನರಿಗೆ ನೋಡಲು ಹೇಳಿದರು. ಪ್ರೇಮಕಥೆಯಿಂದ ಏನು ಲಾಭವೆಂದು ಜನರಲ್‌ಗಳಿಗೆ ಅರ್ಥವಾಗುತ್ತದೆ. ಇದನ್ನು ನಾನು ಒಪ್ಪಲೇಬೇಕು.

ಆದರೂ ಅದೇ ಧಾರಾವಾಹಿಯ ಆರಂಭದ ಕಂತುಗಳಲ್ಲಿ ಆ ವೈದ್ಯೆ ಅವನನ್ನು ಬಿಟ್ಟು ಹೋಗುತ್ತಾಳೆ. ಅವಳ ಕೆಲಸ ಜೀವ ಉಳಿಸುವುದು, ಅವನ ಕೆಲಸದಲ್ಲಿ ಜೀವ ತೆಗೆಯುವುದೂ ಸೇರಿದೆ, ಎಲ್ಲಿಗೆ ಹೋಗುತ್ತಾನೆಂದು ಹೇಳುವ ಹಕ್ಕೂ ಅವನಿಗಿಲ್ಲ. ಈ ಬಿಕ್ಕಟ್ಟನ್ನು ಅವಳು ಅವನ ಮುಖಕ್ಕೇ ಹೇಳಿ ಎದ್ದು ನಡೆಯುತ್ತಾಳೆ. ಮುಂದೆ ಉರುಕ್ ಎಂಬ ಕಲ್ಪಿತ ದೇಶದಲ್ಲಿ ಇಬ್ಬರೂ ಮತ್ತೆ ಎದುರಾಗುತ್ತಾರೆ, ಪ್ರಶ್ನೆ ಬದಿಗೆ ಸರಿಯುತ್ತದೆ. ಬದಿಗೆ ಸರಿದದ್ದು ನನಗೆ ನಿರಾಸೆ ತಂದಿತು, ಆದರೆ ಅದು ಎದ್ದಿತ್ತು ಎಂಬುದನ್ನು ಮರೆಯಲಾರೆ. ಮರುಳಾದವರು ಎನಿಸಿಕೊಂಡವರ ನೆಚ್ಚಿನ ಕತೆಯ ಒಳಗೇ ವುಲ್ಫ್‌ಳ ಪ್ರಶ್ನೆ ಕೂತಿದೆ. ಹೆಂಗಸರು ಅದನ್ನು ಕೇಳಿಸಿಕೊಂಡೇ ಮುಂದೆ ನೋಡುತ್ತಾರೆ.

ನನ್ನ ವಾದ ನಿಜವಾಗಿಯೂ ಅಲುಗಿದ್ದು ಇನ್ನೊಂದು ಕಡೆಯಿಂದ. ಆಕರ್ಷಣೆ ಬಾಗಿಲಿನದೇ ಆಗಿದ್ದರೆ, ಹೆಣ್ಣು ತಾನೇ ಆ ಬಾಗಿಲು ದಾಟಿದ ಮೇಲೆ ನಾಯಕನ ಹಂಗು ತೀರಬೇಕಿತ್ತು. 1992ರಿಂದ ಹೆಂಗಸರು ನಮ್ಮ ಭೂಸೇನೆಯಲ್ಲಿ ವೈದ್ಯೆ, ನರ್ಸುಗಳಾಗಿ ಮಾತ್ರವಲ್ಲದೆ ಇತರ ಶಾಖೆಗಳಲ್ಲೂ ಅಧಿಕಾರಿಗಳಾಗಿದ್ದಾರೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವರ ಕಾಯಂ ಕಮಿಷನ್ನಿನ ಹಕ್ಕನ್ನು ಎತ್ತಿಹಿಡಿಯಿತು. 2025ರ ಮೇನಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) ಹದಿನೇಳು ಹುಡುಗಿಯರ ಮೊದಲ ತಂಡ ಹೊರಬಂತು. ನಾನು ಪಾಠ ಮಾಡಿದ ಒಬ್ಬ ಹುಡುಗಿ ಎನ್‌ಸಿಸಿಯಲ್ಲಿ ಪಳಗಿ ಈಗ ಸೇನಾಧಿಕಾರಿಗಳ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನಕ್ಕೆ ತಯಾರಾಗುತ್ತಿದ್ದಾಳೆ. ಅವಳ ಮೊಬೈಲಿನ ತುಂಬ ಸೈನಿಕ ನಾಯಕರ ಪ್ರೇಮಕಥೆಗಳು. ಯೂನಿಫಾರ್ಮನ್ನು ನೀನೇ ಹಾಕಿಕೊಳ್ಳುವವಳು, ಅವನಲ್ಲಿ ಇನ್ನೇನು ನೋಡುತ್ತೀ ಎಂದು ಕೇಳಿದೆ. ನಡುರಾತ್ರಿ ಫೋನ್ ಬಂದು ತಾನು ಎದ್ದು ಹೊರಟರೆ ಯಾಕೆ, ಎಲ್ಲಿಗೆ ಎಂದು ಕೇಳದವನು ಬೇಕು ಎಂದಳು. ಚಿಕ್ಕಮ್ಮ ತನ್ನ ಬದುಕಿಡೀ ನಡೆಸಿದ ಆ ಕೇಳದಿರುವಿಕೆಯನ್ನು ಇವಳು ಗಂಡಿನಿಂದ ಬಯಸುತ್ತಿದ್ದಾಳೆ. ಸಮಾನತೆಯ ಹೆಸರಿನಲ್ಲಿ ಇದನ್ನು ಕೊಂಡಾಡಬೇಕೋ, ಇಂಫಾಲವನ್ನು ನೆನೆದು ಬೆಚ್ಚಬೇಕೋ ನನಗೆ ತಿಳಿಯಲಿಲ್ಲ.

ಓದಲೆಂದು ಅವಳಿಗೆ ‘ತ್ರೀ ಗಿನೀಸ್’ ಕೊಟ್ಟೆ. ಮನೆ ಬಿಟ್ಟು ಓಡಿದ ಹುಡುಗಿಯರ ಪುಟ ಅವಳಿಗೆ ಹಿಡಿಸಿತ್ತು. ಐದು ಫೋಟೋಗಳ ಹತ್ತಿರ ಬೆರಳಿಟ್ಟು, “ಇವತ್ತು ಬರೆದಿದ್ರೆ ನನ್ನಂಥವಳ ಫೋಟೋನೂ ಇದರಲ್ಲಿ ಹಾಕ್ತಿದ್ರಾ ಮೇಡಂ?” ಎಂದಳು. ಹಾಕುತ್ತಿದ್ದರು ಎಂದೇ ನನ್ನ ಭಾವನೆ, ಅವಳಿಗೂ ಹಾಗೆಯೇ ಹೇಳಿದೆ. ಚಿಕ್ಕಮ್ಮನ ಪರವಾಗಿ ವುಲ್ಫ್ ಜೊತೆ ಜಗಳವಾಡಿದಷ್ಟು ಧೈರ್ಯದಿಂದ ಈ ಹುಡುಗಿಯ ಪರವಾಗಿಯೂ ನಿಲ್ಲಬಲ್ಲೆನೇ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅವಳ ಸಂದರ್ಶನ ಮುಂದಿನ ತಿಂಗಳು, ಬೆಂಗಳೂರಿನಲ್ಲಿ.