ಸರಾಸರಿಗೆ ಸಿಗದ ಅತಿಥಿ

ಬೆಂಗಳೂರಿನ ಗಾಂಧಿನಗರ, ಬಳೇಪೇಟೆ, ಕಾಟನ್‌ಪೇಟೆಗಳ ಯಾವುದಾದರೂ ಸಾಧಾರಣ ಲಾಡ್ಜಿನ ಬಗ್ಗೆ ಅಲ್ಲಿ ಇಳಿದುಕೊಂಡವರ ಅಭಿಪ್ರಾಯಗಳನ್ನು ಒಟ್ಟಿಗೆ ಓದಿದರೆ ಎರಡು ಬೇರೆ ಬೇರೆ ಕಟ್ಟಡಗಳ ವಿಷಯ ಓದಿದ ಹಾಗಾಗುತ್ತದೆ. ಒಬ್ಬರಿಗೆ ರೂಮು ಚೊಕ್ಕಟ, ಮೆಜೆಸ್ಟಿಕ್ ಬಸ್ ನಿಲ್ದಾಣ ಕೂಗಳತೆಯಲ್ಲಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇನ್ನೊಬ್ಬರಿಗೆ ಹಾಸಿಗೆಯಲ್ಲಿ ತಿಗಣೆ, ಬೋರ್ಡಿನಲ್ಲಿ ಬರೆದ ಹೊತ್ತಿಗೆ ಮೊದಲೇ ಖಾಲಿಯಾದ ಬಿಸಿನೀರು, ಕೌಂಟರಿನವನ ಮುಖದಲ್ಲಿ ತಾತ್ಸಾರ. ಇದೆಲ್ಲವನ್ನೂ ಕೂಡಿ, ಭಾಗಿಸಿ, ಐದಕ್ಕೆ ಮೂರೂವರೆ ಎಂಬ ಒಂದು ಅಂಕಿಗೆ ಇಳಿಸುವುದು ಈಗಿನ ಪದ್ಧತಿ. ವ್ಯಾಪಾರಕ್ಕೆ ಆ ಅಂಕಿ ಸಾಕು. ರಾತ್ರಿ ಬಸ್ಸಿಳಿದು ಎಲ್ಲಿ ತಂಗಬೇಕೆಂದು ಅವಸರದಲ್ಲಿ ತೀರ್ಮಾನಿಸಬೇಕಾದವರಿಗೂ ಸಾಕು. ಆದರೆ ಆತಿಥ್ಯವನ್ನು ಧರ್ಮವೆಂದು ಹೇಳಿಕೊಂಡು ಬಂದ ನಾವು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಹತ್ತು ಜನರನ್ನು ಚೆನ್ನಾಗಿ ನೋಡಿಕೊಂಡ ಪುಣ್ಯ, ಹನ್ನೊಂದನೆಯವನನ್ನು ಬಾಗಿಲಿನಿಂದ ತಿರುಗಿ ಕಳಿಸಿದ ಪಾಪಕ್ಕೆ ವಜಾ ಆಗುತ್ತದೆಯೇ? ಆಗುವುದಿಲ್ಲ ಎಂಬುದು ನನ್ನ ವಾದ. ಆತಿಥ್ಯದ ಋಣ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಲ್ಲಬೇಕಾದದ್ದು. ಆದ್ದರಿಂದ ಒಂದು ತಂಗುದಾಣದ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದು ಎಲ್ಲರಿಗಿಂತ ಕೀಳಾಗಿ ನಡೆಸಿಕೊಂಡ ಅತಿಥಿಯಿಂದ.

ಕಠೋಪನಿಷತ್ತನ್ನು ನಾವು ಸಾವಿನ ರಹಸ್ಯ ಹೇಳುವ ಗ್ರಂಥವೆಂದು ಓದುತ್ತೇವೆ. ಅದರ ಹೊಸ್ತಿಲಲ್ಲೇ ಇರುವ ಆತಿಥ್ಯದ ಪ್ರಕರಣವನ್ನು ದಾಟಿಕೊಂಡು ಒಳಗೆ ಹೋಗಿಬಿಡುತ್ತೇವೆ. ತಂದೆ ಸಿಟ್ಟಿನಲ್ಲಿ ಆಡಿದ ಮಾತಿಗೆ ಕಟ್ಟುಬಿದ್ದು ನಚಿಕೇತ ಯಮನ ಮನೆಗೆ ಬರುತ್ತಾನೆ. ಯಮ ಮನೆಯಲ್ಲಿಲ್ಲ. ಹುಡುಗ ಮೂರು ರಾತ್ರಿ ಊಟವಿಲ್ಲದೆ ಕಾಯುತ್ತಾನೆ. ಆಗ ಉಪನಿಷತ್ತು ಕೊಡುವ ಎಚ್ಚರಿಕೆ ಬಲು ಕಠಿಣವಾದದ್ದು: ಅತಿಥಿ ಉಪವಾಸ ಉಳಿದ ಮನೆಯಲ್ಲಿ ಯಜಮಾನನ ಆಸೆ, ನಿರೀಕ್ಷೆ, ಮಕ್ಕಳು, ದನಕರುಗಳ ಜೊತೆಗೆ ಅವನು ಮಾಡಿದ ಯಜ್ಞದ ಫಲ, ದಾನಧರ್ಮದ ಫಲ ಎಲ್ಲವೂ ಕೊಚ್ಚಿಹೋಗುತ್ತವೆ. ಇಲ್ಲಿ ಗಮನಿಸಬೇಕಾದದ್ದು ಲೆಕ್ಕದ ರೀತಿ. ಹಿಂದೆ ಕೂಡಿಟ್ಟ ಪುಣ್ಯ ಈಗಿನ ತಪ್ಪನ್ನು ತುಂಬಿಕೊಡುವುದಿಲ್ಲ; ಈಗಿನ ತಪ್ಪೇ ಹಿಂದಿನ ಪುಣ್ಯವನ್ನು ತಿಂದುಹಾಕುತ್ತದೆ. ಯಮ ಧರ್ಮರಾಜ, ಲೆಕ್ಕದಲ್ಲಿ ಅವನಿಗಿಂತ ಬಲ್ಲವರಿಲ್ಲ. ಆದರೂ ಅವನು ಇಷ್ಟು ಕಾಲ ಬಂದವರನ್ನೆಲ್ಲ ಸತ್ಕರಿಸಿದ್ದೇನೆ ಎನ್ನುವುದಿಲ್ಲ, ಮನೆಯಲ್ಲಿರಲಿಲ್ಲ ಎಂಬ ಸಬೂಬೂ ಹೇಳುವುದಿಲ್ಲ. ರಾತ್ರಿಗೆ ಒಂದರಂತೆ ಮೂರು ವರ ಕೊಡುತ್ತಾನೆ. (ತಂಗಲು ಬಂದು ತೊಂದರೆಪಟ್ಟವರಿಗೆ ಇಷ್ಟು ಲೆಕ್ಕಬದ್ಧವಾದ ಪರಿಹಾರ ಆಮೇಲೆ ಸಿಕ್ಕಿರಲಾರದು.) ಆ ಪರಿಹಾರ ಸಲ್ಲುವುದು ಕಾದವನಿಗೇ ಹೊರತು ಅತಿಥಿಗಳೆಂಬ ಗುಂಪಿಗಲ್ಲ.

ಇದನ್ನು ಉದಾಹರಿಸುವಾಗ ಒಂದು ಅನುಕೂಲವಿಲ್ಲದ ಸಂಗತಿಯನ್ನು ಮುಚ್ಚಿಡಬಾರದು. ಕಠೋಪನಿಷತ್ತು ಎಚ್ಚರಿಸುವುದು ಬ್ರಾಹ್ಮಣ ಅತಿಥಿಯ ವಿಷಯದಲ್ಲಿ. ಮನುಸ್ಮೃತಿಯ ಮೂರನೆಯ ಅಧ್ಯಾಯ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯನನ್ನು ಅತಿಥಿ ಎಂದು ಕರೆಯಲಾಗದು ಎನ್ನುತ್ತದೆ. ವೈಶ್ಯ ಶೂದ್ರರು ಬಂದರೆ ಕರುಣೆಯಿಂದ ಆಳುಗಳ ಜೊತೆ ಉಣ್ಣಿಸಬಹುದು ಎನ್ನುತ್ತದೆ. ಅತಿಥಿಯನ್ನು ದೇವರೆಂದು ಕಾಣು ಎಂದು ತೈತ್ತಿರೀಯದ ಶಿಕ್ಷಾವಲ್ಲಿ ಶಿಷ್ಯನಿಗೆ ಹೇಳಿದ ಮಾತನ್ನು ಪ್ರವಾಸೋದ್ಯಮದ ಜಾಹೀರಾತುಗಳು ಎತ್ತಿಕೊಂಡಿವೆ. ಆದರೆ ಯಾರು ಅತಿಥಿ ಎಂದು ನಿರ್ಧರಿಸುವ ಅಧಿಕಾರ ಮನೆಯವನ ಕೈಯಲ್ಲೇ ಉಳಿದುಕೊಂಡರೆ ಆ ಮಾತು ಬಹಳ ಅಗ್ಗವಾಗುತ್ತದೆ. ಪಂಕ್ತಿಭೇದ ಇದ್ದ ಛತ್ರದಲ್ಲೂ ಮೇಲಿನ ಪಂಕ್ತಿಯಲ್ಲಿ ಕುಳಿತವನಿಗೆ ದೇವರ ಸತ್ಕಾರವೇ ಸಿಗುತ್ತಿತ್ತು. ಅವನನ್ನು ಕೇಳಿದರೆ ಐದಕ್ಕೆ ಐದೇ ಕೊಡುತ್ತಿದ್ದ. ಹಾಗಾದರೆ ಕಠದ ತರ್ಕವನ್ನು ಬಿಟ್ಟುಬಿಡಬೇಕೇ? ಬೇಡ. ಹಸಿದವನೊಬ್ಬ ಪರರ ಬಾಗಿಲಲ್ಲಿ, ಬೇರೆ ದಾರಿಯಿಲ್ಲದೆ, ರಾತ್ರಿಯೆಲ್ಲ ಕಾದ ಎಂಬುದೇ ಆ ತರ್ಕದ ಬೇರು. ಹಸಿವಿಗೂ ಕಾಯುವಿಕೆಗೂ ಜಾತಿಯಿಲ್ಲವಾದ್ದರಿಂದ, ಗ್ರಂಥ ಹಾಕಿದ ಬೇಲಿಯನ್ನು ಗ್ರಂಥದ ಕಾರಣವೇ ಕಿತ್ತುಹಾಕುತ್ತದೆ.

ಛಾಂದೋಗ್ಯದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಜಾನಶ್ರುತಿ ಪೌತ್ರಾಯಣನ ಕಥೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್ಲೆಡೆಯೂ ಜನ ತನ್ನ ಅನ್ನವನ್ನೇ ಉಣ್ಣಲಿ ಎಂದು ದಿಕ್ಕುದಿಕ್ಕಿಗೆ ವಸತಿಗೃಹ ಕಟ್ಟಿಸಿದ ದಾನಿ ಅವನು. ಒಂದು ರಾತ್ರಿ ಮೇಲೆ ಹಾರಿಹೋಗುತ್ತಿದ್ದ ಹಂಸಗಳು ಅವನಿಗಿಂತ ಬಂಡಿಯ ರೈಕ್ವನೇ ದೊಡ್ಡವನೆಂದು ಆಡಿಕೊಳ್ಳುತ್ತವೆ. ಜಾನಶ್ರುತಿ ಹುಡುಕಿಸಿದಾಗ ಆ ರೈಕ್ವ ಬಂಡಿಯ ಅಡಿ ಕುಳಿತು ಮೈ ತುರಿಸಿಕೊಳ್ಳುತ್ತಿರುತ್ತಾನೆ. ಉಪನಿಷತ್ತು ಜಾನಶ್ರುತಿಯನ್ನು ಖಂಡಿಸುವುದಿಲ್ಲ, ನಿಜ. ಆದರೆ ಎಷ್ಟು ಜನ ಉಂಡರು, ಎಷ್ಟು ಜನ ತಂಗಿದರು ಎಂಬ ದೊಡ್ಡ ಸಂಖ್ಯೆಯನ್ನು ಅದು ಕೊನೆಯ ಮಾತಾಗಲು ಬಿಡುವುದೂ ಇಲ್ಲ.

ಇನ್ನು ಮಿಶ್ರ ಅನುಭವಗಳಿಗೆ ಬರೋಣ. ಎಲ್ಲ ವ್ಯತ್ಯಾಸವೂ ಅನ್ಯಾಯವಲ್ಲ. ರಸ್ತೆ ಕಡೆಯ ರೂಮಿನಲ್ಲಿ ಹಾರ್ನ್ ಸದ್ದು, ಹಿಂದಿನ ರೂಮಿನಲ್ಲಿ ನಿಶ್ಶಬ್ದ. ಐದು ಗಂಟೆಗೆ ಎದ್ದವನಿಗೆ ನೀರು, ಎಂಟಕ್ಕೆ ಎದ್ದವನಿಗೆ ಖಾಲಿ ನಲ್ಲಿ. ಇವು ಕೊರತೆಯ ವ್ಯತ್ಯಾಸಗಳು, ಯಾರ ಪಾಲಿಗಾದರೂ ಬೀಳಬಹುದಾದವು. ಇನ್ನೊಂದು ಬಗೆಯ ವ್ಯತ್ಯಾಸ ಮುಖ ನೋಡಿ ಹುಟ್ಟುವಂಥದು. ಹೆಂಡತಿ ಮಕ್ಕಳೊಂದಿಗೆ ಬಂದವರಿಗೆ ತಕ್ಷಣ ಕೀಲಿಕೈ. ಪರೀಕ್ಷೆಗೆಂದು ಒಬ್ಬಳೇ ಬಂದ ಹುಡುಗಿಗೆ ಹತ್ತು ಪ್ರಶ್ನೆ. ಗುರುತಿನ ಚೀಟಿಯಲ್ಲಿ ಮುಸ್ಲಿಂ ಹೆಸರು ಕಂಡರೆ ಈಗಷ್ಟೇ ರೂಮು ಭರ್ತಿಯಾಯಿತು ಎಂಬ ಉತ್ತರ. ಈಶಾನ್ಯ ರಾಜ್ಯದ ಮುಖವಾದರೆ ಪಾಸ್‌ಪೋರ್ಟ್ ಎಲ್ಲಿ ಎಂಬ ವಿಚಾರಣೆ. ಸರಾಸರಿ ಮಾಡುವ ಅಪಚಾರ ಎಂದರೆ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು. ಬಿಸಿನೀರಿನ ದೂರಿಗೆ ಒಂದು ನಕ್ಷತ್ರ, ಬಾಗಿಲು ಮುಚ್ಚಿದ ದೂರಿಗೂ ಒಂದೇ ನಕ್ಷತ್ರ. ಅದಕ್ಕಿಂತ ಮುಖ್ಯವಾಗಿ, ರೂಮೇ ಸಿಗದೆ ಹಿಂದಿರುಗಿದವನು ಬಹುಪಾಲು ಈ ಲೆಕ್ಕದೊಳಗೇ ಬರುವುದಿಲ್ಲ. ತಂಗಿದವರ ಅನುಭವಗಳ ಸರಾಸರಿ ಎಂದರೆ ಒಳಗೆ ಬಿಟ್ಟುಕೊಂಡವರ ಸರಾಸರಿ ಮಾತ್ರ.

ಈ ಎರಡು ವ್ಯತ್ಯಾಸಗಳ ಅಂತರವನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರಷ್ಟು ಸ್ಪಷ್ಟವಾಗಿ ಬರೆದಿಟ್ಟವರಿಲ್ಲ. 1917ರಲ್ಲಿ ವಿದೇಶದ ಓದನ್ನು ಅರ್ಧಕ್ಕೇ ನಿಲ್ಲಿಸಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದ ಅವರಿಗೆ ಆ ಊರಿನಲ್ಲಿ ಇಳಿದುಕೊಳ್ಳಲು ಜಾಗವಿರಲಿಲ್ಲ. ಹಿಂದೂ ಹೋಟೆಲುಗಳಿಗೆ ಅವರು ಹೋಗುವಂತಿರಲಿಲ್ಲ. ಪಾರ್ಸಿಗಳಿಗೆ ಮಾತ್ರ ಎಂದಿದ್ದ ಒಂದು ವಸತಿಗೃಹದಲ್ಲಿ, ನೋಡಿಕೊಳ್ಳುವವನ ಒಪ್ಪಿಗೆಯ ಮೇಲೆ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದು, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇಳಿದುಕೊಂಡರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ನೆನಪುಗಳಲ್ಲಿ ಅವರು ಆ ಜಾಗದ ವರ್ಣನೆ ಮಾಡುತ್ತಾರೆ: ವಿದ್ಯುತ್ ದೀಪವಿಲ್ಲ, ಸಂಜೆಯಾದರೆ ಒಂದು ಸಣ್ಣ ಲಾಟೀನು, ಹಳೆಯ ಸಾಮಾನು ತುಂಬಿದ ಕತ್ತಲೆಯ ಹಾಲ್, ಹಾರಾಡುವ ಬಾವಲಿಗಳು. ಇವತ್ತಿನ ಅಳತೆಯಲ್ಲಿ ಒಂದು ನಕ್ಷತ್ರಕ್ಕೂ ಯೋಗ್ಯವಲ್ಲದ ವಸತಿ ಅದು. ಆದರೂ ಆ ಕೊರತೆಗಳನ್ನು ಅವರು ನುಂಗಿಕೊಂಡರು, ತಲೆಯ ಮೇಲೆ ಸೂರಿತ್ತಲ್ಲ ಎಂದು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತಾರು ಪಾರ್ಸಿಗಳು ಬಂದು, ಸಂಜೆಯೊಳಗೆ ಖಾಲಿ ಮಾಡೆಂದು ಗದರಿಸಿದರು. ಊರಿನ ಹಿಂದೂ ಸ್ನೇಹಿತನೂ ಕ್ರೈಸ್ತ ಸ್ನೇಹಿತನೂ ಮನೆಗೆ ಕರೆಯಲಿಲ್ಲ. ಸಾರ್ವಜನಿಕ ಉದ್ಯಾನವೊಂದರಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಅವರು ಬೊಂಬಾಯಿಗೆ ಹೊರಟರು. ಹದಿನೆಂಟು ವರ್ಷದ ನಂತರವೂ ಅದನ್ನು ನೆನೆದರೆ ಕಣ್ಣೀರು ಬರುತ್ತದೆ ಎಂದು ಬರೆದುಕೊಂಡಿದ್ದಾರೆ. ಕಣ್ಣೀರು ತರಿಸಿದ್ದು ಬಾವಲಿಯಲ್ಲ. ಆ ವಸತಿಗೃಹದ ಉಳಿದ ಅತಿಥಿಗಳ ಸಂತೋಷವನ್ನೆಲ್ಲ ಕೂಡಿಹಾಕಿದರೂ ಆ ಸಂಜೆಯ ಬಾಬ್ತು ತೀರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಲಾಡ್ಜಿನಲ್ಲಿ ಇಳಿಯುವವನು ಗಿರಾಕಿ, ಅತಿಥಿಯಲ್ಲ ಎಂಬುದು. ಛತ್ರ, ಧರ್ಮಶಾಲೆಗಳಿಗೆ ಧರ್ಮದ ಮಾತು ಒಪ್ಪುತ್ತದೆ. ಬೆಂಗಳೂರು ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿದ್ದು ಲಾಭಕ್ಕಲ್ಲ. ಬಾಡಿಗೆಗೆ ಕೊಡುವವನನ್ನು ನಚಿಕೇತನ ಕಥೆಯಿಂದ ಅಳೆಯುವುದು ಸರಿಯೇ? ಈ ಪ್ರಶ್ನೆಗೆ ಉತ್ತರ ಹನ್ನೆರಡನೆಯ ಶತಮಾನದ ಶರಣರಲ್ಲಿ ಸಿಗುತ್ತದೆ. ದುಡಿದು ಗಳಿಸುವುದು ಒಂದು ಕಡೆ, ಧರ್ಮ ಇನ್ನೊಂದು ಕಡೆ ಎಂಬ ಗೋಡೆಯನ್ನೇ ಅವರು ಒಪ್ಪಲಿಲ್ಲ. ಕಾಯಕವೇ ಪೂಜೆಯಾದರೆ, ಕೂಲಿ ಪಡೆದದ್ದರಿಂದ ಅದರ ಪಾವಿತ್ರ್ಯ ಕಡಿಮೆಯಾಗುವುದಿಲ್ಲ. ನೇಮ ತಪ್ಪಿದರೆ ಮಾತ್ರ ಕಡಿಮೆಯಾಗುತ್ತದೆ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ನೇಮ ಅಂಥದು. ಮನೆಗೆ ಬಂದವರನ್ನು ಕ್ಷೇಮವೇ ಎಂದು ಕೇಳಿದರೆ ಸಿರಿಯೇನು ಹೋಗುತ್ತದೆ ಎಂದು ಬಸವಣ್ಣ ಒಂದು ವಚನದಲ್ಲಿ ಕೇಳಿದ್ದೂ ಇದೇ ಧಾಟಿಯಲ್ಲಿ. ಬಾಡಿಗೆ ಕೊಟ್ಟವನು ಕೃತಜ್ಞತೆಯಿಂದ ಮುಕ್ತನಾಗುತ್ತಾನೆ, ಅಷ್ಟೇ. ಪಡೆದವನ ಹೊಣೆ ಅದರಿಂದ ಇಳಿಯುವುದಿಲ್ಲ, ಏರುತ್ತದೆ. ಅಲ್ಲದೆ ತಂಗುವುದು ಸೋಪು ಕೊಂಡುಕೊಂಡ ಹಾಗಲ್ಲ. ಪರಊರಿನಲ್ಲಿ, ಪರರ ಕಟ್ಟಡದಲ್ಲಿ, ಇನ್ನೊಂದು ಕೀಲಿಕೈ ಬೇರೆಯವರ ಹತ್ತಿರ ಇದೆಯೆಂದು ಗೊತ್ತಿದ್ದೂ ಕಣ್ಣು ಮುಚ್ಚಿ ಮಲಗುವವನು ತನ್ನ ದೇಹವನ್ನೇ ಒಪ್ಪಿಸಿರುತ್ತಾನೆ. ಆ ನಂಬಿಕೆಗೆ ಬೆಲೆ ಪಟ್ಟಿಯಲ್ಲಿ ಸಾಲಿಲ್ಲ.

ಇಷ್ಟು ಕಡಿಮೆ ಬಾಡಿಗೆಗೆ ಇನ್ನೇನು ನಿರೀಕ್ಷಿಸುತ್ತೀರಿ ಎಂಬ ಆಕ್ಷೇಪವನ್ನು ಅರ್ಧ ಒಪ್ಪಬಹುದು. ಅಗ್ಗದ ರೂಮಿನಲ್ಲಿ ಎಸಿ ಇರದು, ಲಿಫ್ಟ್ ಇರದು, ಟವೆಲ್ ತೆಳ್ಳಗಿರುತ್ತದೆ. ಸರ್ಕಾರವೂ ಈ ವರ್ಗವನ್ನು ಬೇರೆಯೆಂದೇ ಕಂಡಿತ್ತು. ದಿನಕ್ಕೆ 1000 ರೂಪಾಯಿಯೊಳಗಿನ ರೂಮುಗಳಿಗೆ 2022ರ ಜುಲೈ 17ರವರೆಗೆ ಜಿಎಸ್‌ಟಿ ಇರಲಿಲ್ಲ. ಆದರೆ ಬಾಡಿಗೆ ಮಿತಿಗೊಳಿಸುವುದು ವಸ್ತುಗಳನ್ನು. ಬಿಸಿನೀರು ಇಲ್ಲದಿದ್ದರೆ ಇಲ್ಲವೆಂದು ಹೇಳುವುದಕ್ಕೆ, ಬಂದವರೆಲ್ಲರಿಗೂ ಒಂದೇ ದರ ಒಂದೇ ಮಾತು ಎನ್ನುವುದಕ್ಕೆ ಖರ್ಚಿಲ್ಲ.

ಗಂಭೀರವಾದ ಆಕ್ಷೇಪ ಮಾಲೀಕನ ಭಯದ್ದು. ರೂಮಿನಲ್ಲಿ ಏನಾದರೂ ನಡೆದರೆ ಪೊಲೀಸರು ಮೊದಲು ಹಿಡಿಯುವುದು ಅವನನ್ನು. ರಿಜಿಸ್ಟರ್ ಸರಿಯಿಲ್ಲದಿದ್ದರೆ, ವಿದೇಶಿಯರ ವಿವರ ಕಳಿಸದಿದ್ದರೆ ಕೇಸು. ಸ್ಥಳೀಯ ವಿಳಾಸದ ಐಡಿ ಇದ್ದವರಿಗೆ, ಮದುವೆಯಾಗದ ಜೋಡಿಗೆ ರೂಮಿಲ್ಲ ಎಂಬ ಅಲಿಖಿತ ನಿಯಮಗಳು ಹುಟ್ಟಿದ್ದು ನೀತಿಯಿಂದಲ್ಲ, ತಂಟೆ ಬೇಡ ಎಂಬ ಅಂಜಿಕೆಯಿಂದ. ಈ ಅಂಜಿಕೆಯನ್ನು ತಮಾಷೆ ಮಾಡುವುದು ಸುಲಭ. ಸಾಲ ಮಾಡಿ ಇಪ್ಪತ್ತು ರೂಮು ನಡೆಸುವವನಿಗೆ ಅದು ತಮಾಷೆಯಲ್ಲ. ಆದರೆ ಎಚ್ಚರಿಕೆ ಎಂಬುದು ಎಲ್ಲರಿಗೂ ಸಮನಾಗಿ ಅನ್ವಯಿಸಿದಾಗ ಮಾತ್ರ ಎಚ್ಚರಿಕೆ. ಎಲ್ಲರ ಐಡಿ ನೋಡಲಿ, ಎಲ್ಲರ ಸಹಿ ತೆಗೆದುಕೊಳ್ಳಲಿ. ಮದುವೆಯಾಗದ ಇಬ್ಬರು ವಯಸ್ಕರು ಹೋಟೆಲ್ ರೂಮಿನಲ್ಲಿ ಉಳಿಯುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಹೇಳಿದೆ. ಅಂಜಿಕೆಗೆ ಕಾನೂನಿನ ಆಧಾರವಿಲ್ಲದಾಗ ಅದನ್ನು ಗಿರಾಕಿಯ ಮೇಲೆ ಇಳಿಸುವುದಕ್ಕಿಂತ, ಮಾಲೀಕರ ಸಂಘಗಳು ಪೊಲೀಸರೊಂದಿಗೆ ಕೂತು ಮಾತಾಡಿಕೊಳ್ಳುವುದು ಸರಿಯಾದ ದಾರಿ.

ಅತಿಥಿಗಳ ಮಾತನ್ನೆಲ್ಲ ನಂಬಬೇಕೆ ಎಂದೂ ಕೇಳಬಹುದು. ನಂಬಬೇಕಾಗಿಲ್ಲ. ಒಂದು ವಸ್ತುವಿನ ಬಗ್ಗೆ ಆಡಿದ ಯಾವ ಮಾತೂ ಒಂದು ನಿಲುವಿನಿಂದಷ್ಟೇ ನಿಜ ಎಂಬ ಜೈನರ ಅನೇಕಾಂತ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಪಕ್ಕದ ರೂಮಿನ ಮೀನಿನ ವಾಸನೆಯನ್ನು ಕೊಳಕು ಎಂದು ಬರೆಯುವವರಿದ್ದಾರೆ. ಟೀ ತಡವಾಯಿತೆಂದು ರೂಮ್ ಬಾಯ್ ಕೆಲಸ ಕಳೆಯುವವರೆಗೆ ಜಗಳ ಬೆಳೆಸುವವರೂ ಇದ್ದಾರೆ. ಆ ರೂಮ್ ಬಾಯ್ ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದವನು, ಎಷ್ಟೋ ಕಡೆ ಮಲಗಲು ಅವನಿಗೆ ಸಿಗುವುದು ಮೆಟ್ಟಿಲ ಕೆಳಗಿನ ಜಾಗ. ಆತಿಥೇಯನ ಸ್ಥಾನದಲ್ಲಿ ನಾವು ಕಾಣುವ ಈ ಮನುಷ್ಯ ಆ ನಗರಕ್ಕೆ ನಮಗಿಂತ ಹೆಚ್ಚು ಪರಕೀಯ. ಆದ್ದರಿಂದ ನನ್ನ ಅಳತೆಗೋಲು ಅತಿಥಿಯನ್ನೂ ಬಿಡುವುದಿಲ್ಲ: ಆ ಸೂರಿನಡಿ ಎಲ್ಲರಿಗಿಂತ ಕೀಳಾಗಿ ನಡೆಸಿಕೊಳ್ಳಲ್ಪಟ್ಟವರು ಯಾರೆಂದು ನೋಡುವಾಗ ಆ ರೂಮ್ ಬಾಯ್ ಕೂಡ ಲೆಕ್ಕಕ್ಕೆ ಬರಬೇಕು. ಆದರೆ ಕೆಲವು ದೂರುಗಳು ಹುಸಿ ಎಂಬುದರಿಂದ ದೂರುಗಳನ್ನು ಸರಾಸರಿಯಲ್ಲಿ ಮುಳುಗಿಸಬಹುದು ಎಂದಾಗುವುದಿಲ್ಲ. ಒಂದೊಂದನ್ನೂ ಬಿಡಿಯಾಗಿ ವಿಚಾರಿಸಬೇಕು ಎಂದಷ್ಟೇ ಆಗುತ್ತದೆ. ಅನೇಕಾಂತ ಕೇಳುವುದೂ ಅದನ್ನೇ.

ಹಾಗಾಗಿ ರೂಮು ಹುಡುಕುವಾಗ ಮೊದಲು ಕೆಟ್ಟ ಅಭಿಪ್ರಾಯಗಳನ್ನೇ ಓದಿ, ಅವು ನೀರಿನ ಬಗ್ಗೆ ಇವೆಯೋ ಮನುಷ್ಯರನ್ನು ನಡೆಸಿಕೊಂಡ ಬಗ್ಗೆ ಇವೆಯೋ ನೋಡಿ. ಎರಡನೆಯ ಬಗೆಯದು ಒಂದೇ ಇದ್ದರೂ ಬೇರೆ ಲಾಡ್ಜ್ ಹುಡುಕಿ. ನಿಮಗೆ ಸಿಕ್ಕ ರೂಮು ನಿಮ್ಮ ಹಿಂದೆ ನಿಂತಿದ್ದವರಿಗೆ ಸಿಗದೆ ಹೋದದ್ದನ್ನು ಕಂಡರೆ, ನಿಮಗೆ ಎಷ್ಟೇ ಸುಖವಾಗಿದ್ದರೂ, ಅದನ್ನೂ ಬರೆಯಿರಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವಿಷ್ಟನ್ನೇ ಕಾರಣ ಮಾಡಿ ಯಾರಿಗೂ ಹೋಟೆಲಿನ ಪ್ರವೇಶವನ್ನು ತಡೆಯಬಾರದು ಎಂದು ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡ ಹೇಳುತ್ತದೆ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಬರೋಡಾದಲ್ಲಿ ಹನ್ನೊಂದು ದಿನ ತಂಗಿದ್ದವರೇ.